ಒಳಚಿಲಕ

ಕೊಟ್ಟೂರಿನಲ್ಲಿ ಆ ಶನಿವಾರ ಮಧ್ಯಾಹ್ನದ ಹೊತ್ತಿಗೆ ಜಂಬಕ್ಕನ ಮುಖದ ಮೇಲೆ ಮೂರು ಬಾಗಿಲು ಮುಚ್ಚಿದ್ದವು. ಮೊದಲನೆಯವರು ಒಬ್ಬಳೇ ಹುಡುಗಿಗೆ ಕೊಡುವುದಿಲ್ಲ ಎಂದರು. ಎರಡನೆಯವರು ಇಬ್ಬರು ಹುಡುಗಿಯರಾದರೆ ನೀರು ಸಾಲದು, ಒಬ್ಬಳಾದರೆ ಬಾಡಿಗೆ ಸಾಲದು ಎಂದರು. ಮೂರನೆಯ ಮನೆಯ ಮುದುಕಿ ಮಾಳಿಗೆಯ ಮೇಲಿನ ಕೋಣೆ ತೋರಿಸಿ, ಮಾತೆಲ್ಲ ಮುಗಿದ ಮೇಲೆ, "ನೀವು ಯಾರ ಪೈಕಿ?" ಎಂದಳು.

"ತಿಂಗಳಾ ತಿಂಗಳಾ ಬಾಡಿಗಿ ಕೊಡೋರ ಪೈಕಿರಿ" ಎಂದಳು ಜಂಬಕ್ಕ. ಆ ಬಾಗಿಲು ಉಳಿದೆರಡಕ್ಕಿಂತ ಜೋರಾಗಿ ಮುಚ್ಚಿತು.

"ಇನ್ನ ಮ್ಯಾಲೆ ನೀ ಬಾಯಿ ತೆಗಿಬ್ಯಾಡ ಯವ್ವಾ" ಎಂದಳು ಮಗಳು ಸುಜಾತಾ. "ರೂಮ್ ಬೇಕಾಗಿರೋದು ನನಗ, ನಿನಗಲ್ಲ."

"ಬಾಯಿ ಇದ್ದಾಕಿ ಹೊಟ್ಟ್ಯಾಗ ಹುಟ್ಟಿದ್ದಕ್ಕ ಎಂ.ಎ.ತನಕ ಬಂದೀಯ."

ಜಂಬಕ್ಕ ತಂಬ್ರಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಮಗಳಿಗೆ ಕೊಟ್ಟೂರಿನ ಪಿ.ಜಿ. ಸೆಂಟರಿನಲ್ಲಿ ಸೀಟು ಸಿಕ್ಕಿತ್ತು. ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬಂದಿರಲಿಲ್ಲ. ಕೊನೆಯ ಪಾಠ ಮುಗಿಯುವ ಮುಂಚೆಯೇ ಊರಿನ ಕೊನೆಯ ಬಸ್ಸು ಹೊರಟುಬಿಡುತ್ತಿತ್ತು. ಸೋಮವಾರ ಕ್ಲಾಸು ಶುರು. ಅಷ್ಟರೊಳಗೆ ಕೋಣೆ ಸಿಗದಿದ್ದರೆ ಸೀಟು ಇದ್ದೂ ಇಲ್ಲದ ಹಾಗೆ.

ಊಟ, ನಿದ್ದೆ, ಓದು ಎಲ್ಲಕ್ಕೂ ಒಂದೇ ಆದ ಕೋಣೆಗೆ ದೊಡ್ಡ ಊರುಗಳಲ್ಲಿ ಸ್ಟುಡಿಯೋ ಎನ್ನುತ್ತಾರೆಂದು ಸುಜಾತಾ ಫೋನಿನಲ್ಲಿ ಓದಿದ್ದಳು. ಕಾಲೇಜು ರಸ್ತೆಯಲ್ಲಿ ಮಿರ್ಚಿ ಕರಿಯುತ್ತಿದ್ದ ಭೀಮರಾಜನನ್ನು ಹಾಗೆಯೇ ಕೇಳಿದಳು: "ಅಣ್ಣಾರ, ಇಲ್ಲಿ ಯಾವುದಾರ ಸ್ಟುಡಿಯೋ ಬಾಡಿಗಿಗೆ ಐತೇನ್ರಿ?"

"ಐತಲ್ಲ. ನಮ್ಮ ಪಕ್ಕದ್ದೇ ಸ್ಟುಡಿಯೋ. ಎರಡು ವರ್ಷದಿಂದ ಬಾಗ್ಲು ತೆಗೆದಿಲ್ಲ. ಎಲ್ಲಾರ ಕೈಯಾಗ ಫೋನ್ ಬಂದ ಮ್ಯಾಲೆ ಫೋಟೊ ತೆಗಿಸಾಕ ಯಾರು ಬರ್ತಾರ? ತಡೀರಿ, ಅಯ್ನೋರನ್ನ ಕರೀತೀನಿ."

ಮಾಲೀಕ ವೀರಭದ್ರಯ್ಯ ಮಹಡಿಯಿಂದ ಇಳಿದು ಬಂದು ಶಟರ್ ಎತ್ತಿದ. ಒಳಗೆ ಒಂದು ಗೋಡೆಯ ತುಂಬ ಬಣ್ಣದ ಜಲಪಾತ, ಕೆಳಗೆ ಎರಡು ಹಂಸ. ಹಿಂದೆ ಫೋಟೊ ತೊಳೆಯುತ್ತಿದ್ದ ಕತ್ತಲೆ ಕೋಣೆ, ಅಲ್ಲೊಂದು ನಲ್ಲಿ, ಪಕ್ಕದಲ್ಲಿ ಬಚ್ಚಲು. ಕಿಟಕಿ ಇರಲಿಲ್ಲ. ತನ್ನ ಮಾತಿನ ತಪ್ಪು ಸುಜಾತಾಳಿಗೆ ತಿಳಿಯಿತು. ಆದರೂ ನಕ್ಕು ಹಿಂದಿರುಗುವಷ್ಟು ಬಾಗಿಲುಗಳು ಅವಳಿಗೆ ಉಳಿದಿರಲಿಲ್ಲ. ಬಾಡಿಗೆ ಕೇಳಿದಳು. ಕೈಗೆ ಎಟಕುವಂತಿತ್ತು.

"ಒಂದು ಮಾತು" ಎಂದ ವೀರಭದ್ರಯ್ಯ. "ರಾತ್ರಿ ಎಂಟಕ್ಕ ಶಟರ್ ಇಳಿಸಿ ನಾನಾ ಹೊರಗಿಂದ ಕೀಲಿ ಹಾಕ್ತೀನಿ. ಬೆಳಿಗ್ಗಿ ಆರಕ್ಕ ತೆಗಿತೀನಿ. ಹೆಣ್ಣುಮಗಳು, ನಾಳೆ ಏನರ ಆದ್ರ ನನ್ನ ಹೆಸರು ಕೆಡತೈತಿ."

"ಒಳಗ ಒಂದು ಚಿಲಕ ಹಾಕಿಸಿದ್ರ ಸಾಕಲ್ರೀ" ಎಂದಳು ಜಂಬಕ್ಕ.

"ಒಳಗ ಚಿಲಕ ಇದ್ರ ಯಾರು ಬಂದ್ರು, ಯಾರು ಹೋದ್ರು ನನಗೆಂಗ ಗೊತ್ತಾಗತೈತಿ?"

"ಆತ್ರಿ, ಹಾಕ್ಕಳ್ರಿ" ಎಂದುಬಿಟ್ಟಳು ಸುಜಾತಾ. ತಾಯಿಯ ಕಡೆ ನೋಡಲಿಲ್ಲ. ಅಡ್ವಾನ್ಸಿಗೆ ಅಣ್ಣನನ್ನು ಕೇಳಲು ಫೋನ್ ಹಿಡಿದು ರಸ್ತೆಗೆ ಇಳಿದಳು.

ಗೆದ್ದ ಖುಷಿಯಲ್ಲಿ ವೀರಭದ್ರಯ್ಯ ನಲ್ಲಿಯಲ್ಲಿ ನೀರು ಬರುವುದನ್ನು ತೋರಿಸಲು ಹಿಂದಿನ ಕೋಣೆಗೆ ಹೋದ. ಜಂಬಕ್ಕ ಅವನ ಹಿಂದೆ ಹೋಗಲಿಲ್ಲ. ಹೊರಗೆ ಬಂದಳು. ದಿನಾ ಇನ್ನೂರು ಮಕ್ಕಳಿಗೆ ಅನ್ನದ ಹಂಡೆ ಇಳಿಸುವ ಕೈ, ಒಂದೇ ಎಳೆತಕ್ಕೆ ಶಟರ್ ಕೆಳಗಿಳಿಸಿತು. ಕೊಂಡಿಗೆ ಕೀಲಿಕೈ ಸಮೇತ ತೂಗುಬಿದ್ದಿದ್ದ ಬೀಗವನ್ನು ಒತ್ತಿ ಕೀಲಿಕೈ ತೆಗೆದುಕೊಂಡಳು.

"ಏ, ಯಾರದು? ಶಟರ್ ತಾನಾ ಬಿತ್ತೇನು?"

"ತಾನಾ ಬಿದ್ದಿಲ್ರಿ ಅಯ್ನೋರ, ನಾನಾ ಇಳಿಸೀನಿ. ಈಗ ಎಂಟು ಗಂಟಿ ಆತು ಅನ್ಕಳ್ರಿ."

"ತೆಗಿಯಮ್ಮಾ. ಕತ್ತಲಾಗೈತಿ ಇಲ್ಲಿ."

"ಆರಕ್ಕ ತೆಗಿತೀನ್ರಿ. ನಾಳೆ ನಿಮಗ ಏನರ ಆದ್ರ ನನ್ನ ಹೆಸರು ಕೆಡತೈತಿ."

ಒಳಗಿನಿಂದ ಶಟರ್ ಗಡಗಡನೆ ಅಲುಗಿತು. "ಪೊಲೀಸರಿಗೆ ಫೋನ್ ಮಾಡ್ತೀನಿ ನೋಡು."

"ಮಾಡ್ರಿ. ಬರೋತನಕ ಕಾಯ್ತೀವಿ. ವಯರ್ ಸುಟ್ಟು ಹೊಗಿ ತುಂಬಿತು ಅನ್ರಿ, ನನ್ನ ಮಗಳು ಹಿಂಗಾ ಬಡಿತಿರ್ತಾಳ. ಮ್ಯಾಲೆ ನಿದ್ದಿಯಾಗಿರೋ ನಿಮಗ ಎಷ್ಟು ಹೊತ್ತಿಗೆ ಕೇಳತೈತಿ?"

ಶಟರ್ ಮತ್ತೆ ಗಡಗಡನೆ ಅಲುಗಿತು. ಜನ ಸೇರಿದರು. ಯಾಕೆಂದು ಕೇಳಿದವರಿಗೆಲ್ಲ ಜಂಬಕ್ಕ ರಾತ್ರಿಯ ಕೀಲಿಯ ಮಾತು ಹೇಳಿದಳು. ಸುಜಾತಾ ಓಡಿಬಂದು ತಾಯಿಯ ಮುಷ್ಟಿ ಬಿಡಿಸಿ ಕೀಲಿಕೈ ಕಿತ್ತುಕೊಂಡಳು. "ನನ್ನ ಸೀಟ್ ನೀನಾ ಕಳದಿ" ಎಂದು ಹಲ್ಲು ಕಚ್ಚಿ ಹೇಳಿ ಬೀಗ ತೆಗೆದಳು.

ವೀರಭದ್ರಯ್ಯ ಹೊರಗೆ ಬಂದಾಗ ಬೆವರಿಗೆ ಹಣೆಯ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಭೀಮರಾಜ ಜಾಲರಿ ಸೌಟು ಹಿಡಿದುಕೊಂಡೇ ಕೇಳಿದ: "ಅಯ್ನೋರ, ಹುಡುಗೀನ ರಾತ್ರಿಯೆಲ್ಲಾ ಒಳಗ ಹಾಕಿ ಕೀಲಿ ಹಾಕ್ತೀನಿ ಅಂದ್ರಂತ? ಖರೇವೇನು?"

ಹತ್ತಾರು ಜನ ಉತ್ತರಕ್ಕೆ ಕಾದು ನಿಂತಿದ್ದರು. ವೀರಭದ್ರಯ್ಯ ಅವರ ಮುಖ ನೋಡಿದ, ಎರಡು ವರ್ಷದ ಧೂಳು ಹಿಡಿದ ಕೋಣೆಯನ್ನು ನೋಡಿದ, ಬಾಯಿ ಒರೆಸಿಕೊಂಡ.

"ಚಿಲಕ ನಿಮ್ಮ ಖರ್ಚು" ಎಂದ ಸುಜಾತಾಳಿಗೆ. "ಇನ್ನೊಂದು. ನಿಮ್ಮವ್ವ ಈ ಕಟ್ಟಿ ಹತ್ತಬಾರದು. ಹಬ್ಬ ಇರಲಿ, ನಿನಗ ಜ್ವರ ಬರಲಿ, ಹತ್ತಬಾರದು. ಒಪ್ಪಿಗಿ ಇದ್ರ ಇರು, ಇಲ್ಲಾಂದ್ರ ನಡಿ."

ಸುಜಾತಾ ಈ ಸಲ ತಾಯಿಯ ಕಡೆ ನೋಡಿದಳು. ಜಂಬಕ್ಕ ಆಗಲೇ ಕಟ್ಟೆ ಇಳಿದಿದ್ದಳು.

"ಆತ್ರಿ" ಎಂದಳು ಕೆಳಗಿನಿಂದ. "ಚಿಲಕ ಈಗ್ಲೇ ಕೂಡಬೇಕು. ನಾ ಹೋಗೋದ್ರೊಳಗ."

ಎದುರಿನ ವೆಲ್ಡಿಂಗ್ ಅಂಗಡಿಯ ನಯೀಮ ಒಂದು ದಪ್ಪ ಚಿಲಕ ಆರಿಸಿಕೊಂಡು ಬಂದ. ಕೆಲಸ ಮುಗಿಯುವವರೆಗೂ ಜಂಬಕ್ಕ ರಸ್ತೆಯ ಆಚೆ ಬಿಸಿಲಿನಲ್ಲಿ ನಿಂತಿದ್ದಳು. ಭೀಮರಾಜ ಕೊಟ್ಟ ನೀರನ್ನೂ ಅಲ್ಲಿಯೇ ಕುಡಿದಳು. ನಯೀಮ ಹೊರಗೆ ಬಂದ ಮೇಲೆ ಒಳಗಿದ್ದ ಮಗಳಿಗೆ ಕೂಗಿ ಹೇಳಿದಳು: "ಲೇ, ಇಳಿಸಿ ಹಾಕು ನೋಡಾಣ."

ಶಟರ್ ಇಳಿಯಿತು. ಒಳಗೆ ಕಬ್ಬಿಣ ಕಬ್ಬಿಣಕ್ಕೆ ಕೂತ ಸದ್ದು ರಸ್ತೆಯ ಆಚೆಗೂ ಕೇಳಿತು.

ವೀರಭದ್ರಯ್ಯ ಬಗ್ಗಿ ಎರಡೂ ಕೈ ಹಾಕಿ ಎತ್ತಿದ. ಏಳಲಿಲ್ಲ. ಕಾಲು ಅಗಲಿಸಿ ನಿಂತು ಮತ್ತೊಮ್ಮೆ ಎತ್ತಿದ.

ಜಂಬಕ್ಕ ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.