ತಾನೇ ತುಳಿಯುವ ಸೈಕಲ್ಲು

ನನ್ನ ಗಂಡನ ಹೆಸರು ಬಾಳಗೊಂಡ. ಕರೆಯುವುದಕ್ಕೆ ನಾಚಿಕೆಯೇ ಹೊರತು ಬರೆಯುವುದಕ್ಕಿಲ್ಲ. ಇಚಲಕರಂಜಿಯಲ್ಲಿ ಕೆಟ್ಟ ಮಗ್ಗಗಳ ರಿಪೇರಿ ಅವರ ಕೆಲಸ. ಕೆಡದ ವಸ್ತುವನ್ನೂ ಬಿಚ್ಚಿ ನೋಡುವುದು ಅವರ ಚಟ. ಮದುವೆಯಲ್ಲಿ ನನ್ನ ತಂದೆ ಕೊಟ್ಟ ಗಡಿಯಾರ ಆ ಚಟಕ್ಕೇ ಬಲಿಯಾಯಿತು.

ಅದರಿಂದ ನನಗಾದ ಲಾಭವೆಂದರೆ ಸೈಕಲ್ಲು ಒಂದೇ. ನಾನು ಹಾತಕಣಂಗಲೆಯ ಒಂದು ಹೆರಿಗೆ ದವಾಖಾನೆಯಲ್ಲಿ ನರ್ಸಬಾಯಿಯಾಗಿದ್ದೆ. ದಿನಾ ಸೈಕಲ್ಲಿನ ಮೇಲೆ ಹೋಗಿಬರುತ್ತಿದ್ದೆ. ಮೊದಲಿನ ಸೈಕಲ್ಲಿನ ಚೈನು ಸಿಕ್ಕಾಗೆಲ್ಲ ನನ್ನ ಸೀರೆಯ ಅಂಚು ಕಚ್ಚುತ್ತಿತ್ತು. ಅದನ್ನು ನೋಡಲಾರದೆ ಇವರು ಕೊಲ್ಹಾಪುರದ ಗುಜರಿಯಿಂದ, ಯಾವುದೋ ಸಾಹೇಬರ ಮನೆಯ ಹೆಂಗಸರು ಓಡಿಸಿ ಬಿಟ್ಟ ಹಳೆಯ ಸೈಕಲ್ಲು ತಂದರು. ಅದಕ್ಕೆ ಚೈನೇ ಇರಲಿಲ್ಲ. ಪೆಡಲಿನಿಂದ ಹಿಂದಿನ ಗಾಲಿಯವರೆಗೆ ಒಂದು ಕೊಳವೆ, ಅದರೊಳಗೊಂದು ಸಲಾಕೆ, ಸಲಾಕೆಯ ಎರಡೂ ತುದಿಗೆ ಹಲ್ಲಿನ ಚಕ್ರ. ಪೆಡಲು ತುಳಿದರೆ ಸಲಾಕೆ ತಿರುಗಿ ಗಾಲಿಯನ್ನು ತಿರುಗಿಸುತ್ತಿತ್ತು. ಸೀರೆಗೆ ಸಿಗುವಂಥದ್ದೇನೂ ಹೊರಗಿರಲಿಲ್ಲ.

ಸೀರೆ ಉಳಿಯಿತು, ಊಟ ಉಳಿಯಲಿಲ್ಲ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹೋಗುವಂತಿಲ್ಲ. ಅದರ ಮೇಲೆ ನನ್ನ ಅತ್ತೆ ಅಕ್ಕವ್ವನ ಕಾಯಿದೆ ಬೇರೆ. ಹೆರಿಗೆ ಕೋಣೆಯಿಂದ ಬಂದವಳು ತಲೆಯ ಮೇಲೆ ನೀರು ಹಾಕಿಕೊಳ್ಳದೆ ಉಣ್ಣಬಾರದು, ದವಾಖಾನೆಯೊಳಗೆ ಬುತ್ತಿಯನ್ನಂತೂ ಒಯ್ಯಲೇಬಾರದು. ಹಾಗಾಗಿ ಬೆಳಿಗ್ಗೆ ಉಂಡು ಹೋದವಳು ಸಂಜೆ ಮನೆಗೆ ಓಡಿ ಬಂದು, ಜಳಕ ಮುಗಿಸಿ, ಸೂರ್ಯ ಇರುವಾಗಲೇ ಎಲೆಯ ಮುಂದೆ ಕೂತಿರಬೇಕು. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿತ್ತು. ಚಳಿಗಾಲದ ಹೊತ್ತು ಮಾತ್ರ ನನ್ನನ್ನು ಹಾದಿಯಲ್ಲೇ ಬಿಟ್ಟು ಮುಳುಗುತ್ತಿತ್ತು.

ನನ್ನ ಹಸಿವನ್ನು ನಾನು ತಡೆದುಕೊಳ್ಳುತ್ತಿದ್ದೆ. ತಡೆಯಲಾಗದ್ದು ಅತ್ತೆಯ ಹಟ. ನಾನು ಉಣ್ಣದ ದಿನ ಅವರೂ ಉಣ್ಣುತ್ತಿರಲಿಲ್ಲ. ಕೇಳಿದರೆ ಹಸಿವಿಲ್ಲ ಎಂದು ರೊಟ್ಟಿಯ ಬುಟ್ಟಿ ಮುಚ್ಚಿಡುತ್ತಿದ್ದರು. ಕಾಲು ಹಿಡಿದೆ, ಜಗಳವಾಡಿದೆ, ಒಂದು ದಿನ ಮಾತೂ ಬಿಟ್ಟೆ. ಯಾವುದೂ ನಾಟಲಿಲ್ಲ. ಅತ್ತೆಯ ಮಗರಾಯರು ಮಾತ್ರ ಹೊತ್ತು ಮುಳುಗುವ ಮುಂಚೆಯೇ ತಮ್ಮ ಪಾಲು ಮುಗಿಸಿ, ನಮ್ಮಿಬ್ಬರನ್ನೂ ನೋಡಿ ಮರುಗುತ್ತ ಕೂಡುವವರು.

ಆ ಮಾರ್ಗಶಿರದಲ್ಲಿ ಅತ್ತೆ ಬಸದಿಯ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದರು. ನಾಲ್ಕು ಜನ ಎತ್ತಿ ತಂದು ಮನೆಯಲ್ಲಿ ಮಲಗಿಸಿದರು. ನಾನು ಅವತ್ತೇ ಕೆಲಸ ಬಿಡುತ್ತೇನೆಂದು ಹೇಳಿಬಿಟ್ಟೆ. ಆ ಕೆಲಸ ನನಗೆ ಜೀವದಷ್ಟು. ಹುಟ್ಟಿದ ಕೂಸು ಮೊದಲ ಸಲ ಅಳುವುದನ್ನು ಎಷ್ಟು ಸಲ ಕೇಳಿದರೂ ನನಗೆ ಸಾಕಾಗುತ್ತಿರಲಿಲ್ಲ. ಆದರೂ ನನ್ನ ಖುಷಿಗಾಗಿ ಒಂದು ಮುದಿಜೀವ ಸವೆಯುವುದು ಬೇಡವಾಗಿತ್ತು.

ಇವರು ರಾತ್ರಿಯೆಲ್ಲ ಹೊರಳಾಡಿ ಬೆಳಿಗ್ಗೆ ಹೇಳಿದರು: "ಹುಣ್ಣಿಮಿ ತನಕ ತಡಿ. ನೀ ಕೆಲಸ ಬಿಡೂದು ಬ್ಯಾಡ. ಸೈಕಲ್ಲಿಗೆ ಓಡಾಕ ಕಲಿಸ್ತೇನಿ."

ಕೆಟ್ಟು ಮೂಲೆಗೆ ಬಿದ್ದ ಲಾರಿಯೊಂದರ ಡೈನಮೋ ತಂದರು. ತಿರುಗಿಸಿದರೆ ಕರೆಂಟು ಕೊಡುವ ಆ ವಸ್ತು, ಕರೆಂಟು ಕೊಟ್ಟರೆ ತಾನೇ ತಿರುಗುತ್ತದೆ ಎಂದು ನನಗೆ ತಿಳಿಸಿ ಹೇಳಿದರು. ಸೈಕಲ್ಲಿನ ಕೊಳವೆಗೆ ಕಿಟಕಿ ಕೊರೆದು, ಒಳಗಿನ ಸಲಾಕೆಗೆ ಹಳೆಯ ಮಗ್ಗದ ಹಲ್ಲಿನ ಚಕ್ರ ಕೂಡಿಸಿದರು. ಡೈನಮೋದ ಪುಟ್ಟ ಚಕ್ರ ಅದಕ್ಕೆ ಕಚ್ಚಿಕೊಂಡು ಕೂತಿತು. ಹ್ಯಾಂಡಲ್ಲಿನ ಮುಂದೆ ಕಟ್ಟಿಗೆಯ ಪೆಟ್ಟಿಗೆ, ಅದರಲ್ಲಿ ಬ್ಯಾಟರಿ. ಸ್ವಿಚ್ಚು ನಮ್ಮ ಅಡುಗೆಮನೆಯದು. ಆ ತಿಂಗಳು ನಾವು ಚಿಮಣಿ ಬುಡ್ಡಿಯ ಬೆಳಕಿನಲ್ಲೇ ಪಾತ್ರೆ ತೊಳೆದೆವು.

ಅಂಗಳದಲ್ಲಿ ಸ್ಟ್ಯಾಂಡು ಹಾಕಿ ಸ್ವಿಚ್ಚು ಒತ್ತಿದಾಗ ಇವರ ಒಂದು ಮರೆವು ಬಯಲಾಯಿತು. ಸಲಾಕೆ ತಿರುಗಿದರೆ ಗಾಲಿಯಷ್ಟೇ ಅಲ್ಲ, ಪೆಡಲೂ ತಿರುಗುತ್ತದೆ. ಯಾರ ಕಾಲೂ ಇಲ್ಲದೆ ಪೆಡಲು ಗರಗರ ತಿರುಗತೊಡಗಿದವು. ಅತ್ತೆ ಬಾಗಿಲವರೆಗೆ ಹಿಂದೆ ಸರಿದರು.

"ಇದಕ್ಕ ಮೈಮ್ಯಾಲ ಬಂದೈತಿ. ನಾ ಅಂತೂ ಮುಟ್ಟಂಗಿಲ್ಲ," ಎಂದರು.

ನನಗೋ ಆ ಮರೆವೇ ವರವಾಯಿತು. ದಿನವಿಡೀ ನಿಂತು ಬಾತ ಪಾದಗಳನ್ನು ಪೆಡಲಿನ ಮೇಲೆ ಇಟ್ಟರೆ ಸಾಕು, ಯಾರೋ ಒಂದೊಂದನ್ನೇ ಎತ್ತಿ ಇಟ್ಟಂತೆ ಆಡುತ್ತಿದ್ದವು. ಸೂರ್ಯ ಇನ್ನೂ ಹೆಂಚಿನ ಮೇಲಿರುವಾಗಲೇ ಮನೆ ಸೇರುತ್ತಿದ್ದೆ. ಜಳಕವಾಗಿ ಅತ್ತೆ ಸೊಸೆ ಎದುರುಬದುರು ಕೂತು ಉಣ್ಣುತ್ತಿದ್ದೆವು. ಅತ್ತೆಯ ಕೆನ್ನೆ ಸ್ವಲ್ಪ ತುಂಬಿತು. ನಾನು ಕೆಲಸ ಬಿಡುವ ಮಾತು ಮರೆತೆ.

ಆಗಾಗ ಬ್ಯಾಟರಿಯನ್ನು ಅಂಗಡಿಯಲ್ಲಿಟ್ಟು ಕರೆಂಟು ತುಂಬಿಸಬೇಕಾಗುತ್ತಿತ್ತು. ದಿನಾ ಕೊಡಲು ದುಡ್ಡು ಸಾಲದಿದ್ದರೂ ಆ ದಿನ ನನಗೆ ಬಸ್ಸೇ ಗತಿ. ಅಂಥದೇ ಒಂದು ದಿನ ಚೊಚ್ಚಲ ಬಸುರಿಯೊಬ್ಬಳು ಬಂದಳು. ನನ್ನ ಪಾಳಿ ಮುಗಿದರೂ ಅವಳು ನನ್ನ ಕೈ ಬಿಡಲಿಲ್ಲ, ನನಗೂ ಬಿಡಿಸಿಕೊಂಡು ಬರಲು ಮನಸ್ಸಾಗಲಿಲ್ಲ. ಕಿಟಕಿಯ ಹೊರಗೆ ಬಸ್ಸು ಹೋದದ್ದು ಕೇಳಿಸಿತು. ಕೊನೆಗೆ ಹೆಣ್ಣುಕೂಸು ಹುಟ್ಟಿ ಅತ್ತಿತು. ಕೂಸನ್ನು ಆಯಾಳ ಕೈಗೆ ಕೊಟ್ಟು ನಾನು ಜಗುಲಿಗೆ ಬಂದಾಗ ಸೂರ್ಯ ಕಬ್ಬಿನ ಗದ್ದೆಯ ಮೇಲೆ ಒಂದು ಮಾರು ಎತ್ತರದಲ್ಲಿದ್ದ.

ಮತ್ತೆ ಇಬ್ಬರ ಉಪವಾಸ. ಎಷ್ಟು ಯಂತ್ರ ಕಟ್ಟಿದರೂ ಕೂಸುಗಳು ನಮ್ಮ ಹೊತ್ತು ನೋಡಿ ಹುಟ್ಟುವುದಿಲ್ಲ. ನಾಳೆಯೇ ಡಾಕ್ಟರಿಗೆ ಹೇಳಿ ಕೆಲಸ ಬಿಡುವುದು ಎಂದುಕೊಂಡು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಕಣ್ಣೊರಸಿಕೊಂಡು ನೋಡುತ್ತೇನೆ, ಇಚಲಕರಂಜಿಯ ರಸ್ತೆಯಲ್ಲಿ ನಮ್ಮ ಸೈಕಲ್ಲು. ಪೆಡಲು ತಾವೇ ತಿರುಗುತ್ತಿವೆ. ಇವರು ಉದ್ದ ಕಾಲುಗಳನ್ನು ಎರಡೂ ಕಡೆ ಚಾಚಿ ಕೂತಿದ್ದಾರೆ. ಹಿಂದೆ ಕ್ಯಾರಿಯರ್ ಮೇಲೆ, ಒಂದು ಕೈಯಲ್ಲಿ ಮಗನ ಅಂಗಿ, ಇನ್ನೊಂದರಲ್ಲಿ ಗಂಟು ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನನ್ನ ಅತ್ತೆ.

ಬಸ್ಸಿನಿಂದ ನಾನು ಇಳಿಯದ್ದನ್ನು ಕಂಡು ಇವರು ಮನೆಗೆ ಓಡಿದ್ದರಂತೆ. ಅಂಗಡಿಯಲ್ಲಿದ್ದ ಬ್ಯಾಟರಿ ಅರ್ಧವಷ್ಟೇ ತುಂಬಿತ್ತು, ಅದನ್ನೇ ತರಿಸಿ ಹೊರಡಿಸಿದವರು ಅತ್ತೆ. ನಾನು ನೋಡುತ್ತಿದ್ದಂತೆಯೇ, ರಸ್ತೆಯ ಹುಣಸೆ ಮರದ ಹತ್ತಿರ ಬ್ಯಾಟರಿಯ ಜೀವ ಮುಗಿದು ಸೈಕಲ್ಲು ನಿಂತಿತು. ಮಗ ಬಗ್ಗಿ ವೈರು ಎಳೆದು ನೋಡತೊಡಗಿದ. ತಾಯಿ ಕಾಯಲಿಲ್ಲ, ಗಂಟು ಎದೆಗವಚಿಕೊಂಡು ದಡದಡ ನಡೆದು ಬಂದರು.

ನಾನು ಎದ್ದು ಹಿಂದೆ ಸರಿದೆ. "ಮುಟ್ಟಬ್ಯಾಡ್ರಿ ಅತ್ತಿ. ಜಳಕ ಆಗಿಲ್ಲ."

ಅತ್ತೆ ಸೂರ್ಯನನ್ನು ನೋಡಿದರು, ನನ್ನನ್ನು ನೋಡಿದರು. ಮೆಟ್ಟಿಲ ಮೇಲೆ ಕೂತು ಗಂಟು ಬಿಚ್ಚಿದರು. ರೊಟ್ಟಿ ಮುರಿದು ಹೆಸರುಕಾಳಿನ ಪಲ್ಯದಲ್ಲಿ ಅದ್ದಿದರು.

"ಜಳಕಕ್ಕ ಹೊತ್ತ ಎಲ್ಲೈತಿ? ಬಾಯಿ ತೆಗಿ."

ನಾನು ಬಾಯಿ ತೆರೆದೆ. ಅವರ ಬೆರಳು ನನ್ನ ತುಟಿಗೆ ತಾಗಿತು. ತುತ್ತಿನ ಮೇಲೆ ತುತ್ತು ಕೊಡುತ್ತಲೇ ಹೇಳಿದರು: "ನಾ ಸೊಸಿ ಆಗಿ ಬಂದಾಗ ಹೊಲದಿಂದ ತಡಾ ಆದ್ರ, ಎಲ್ಲಾರೂ ಉಂಡು ಪಾತ್ರಿ ತೊಳದ ಇಟ್ಟಿರತಿದ್ರು. ನನ್ನ ಸಲುವಾಗಿ ಯಾರೂ ಉಪಾಸ ಕುಂಡರಲಿಲ್ಲ."

ನಾನು ಜಗುಲಿಯ ಮೇಲಿದ್ದ ನೀರಿನ ತಂಬಿಗೆ ತೋರಿಸಿ, ಕೈ ತೊಳೆದು ನೀವೂ ಉಣ್ಣಿರಿ ಎಂದೆ. ಸೂರ್ಯನ ಅಂಚಷ್ಟೇ ಉಳಿದಿತ್ತು. ಅತ್ತೆ ತಂಬಿಗೆಯ ಕಡೆ ನೋಡಲೂ ಇಲ್ಲ. ನನ್ನ ಎಂಜಲಾದ ಅದೇ ಕೈಯಿಂದ ರೊಟ್ಟಿ ಮುರಿದು ತಮ್ಮ ಬಾಯಿಗಿಟ್ಟುಕೊಂಡರು. ಮಡಿಗಾಗಿ ಮಗನನ್ನೂ ದೂರ ನಿಲ್ಲಿಸುತ್ತಿದ್ದ ಹೆಂಗಸು.

"ನಾಳಿಂದ ಬುತ್ತಿ ಕಟ್ಟತೇನಿ," ಎಂದರು ಅಗಿಯುತ್ತ. "ಕೈ ತೊಳಕೊಂಡು ಇಲ್ಲೇ ಉಣ್ಣು. ನಾ ಅದ ಹೊತ್ತಿಗೆ ಮನ್ಯಾಗ ಉಣತೇನಿ. ಕೆಲಸ ಬಿಡೂ ಮಾತ ತಗೀಬ್ಯಾಡ."

ಇವರು ಸೈಕಲ್ಲು ದೂಡಿಕೊಂಡು ಬೆವರುತ್ತ ಬರುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಅವಸರದಲ್ಲಿ ಅವರೂ ಉಂಡಿರಲಿಲ್ಲ, ಬುತ್ತಿಯಲ್ಲಿ ಅವರ ಪಾಲು ಹಾಗೇ ಇತ್ತು. ಅತ್ತೆ ಗಂಟು ಕಟ್ಟಿ ನಕ್ಕರು.

"ಇವತ್ತ ಪಾಳಿ ನಿಂದು, ಬಾಳಗೊಂಡ," ಎಂದರು.