ಐವತ್ತು ಗಂಟೆಯ ಒಳಗೆ

“ಕಿಲೋಮೀಟರ್ ಕಟ್ಕೊಂಡು ನಂಗೇನಾಗ್ಬೇಕು? ಗಂಟೆ ಹೇಳಿ,” ಎಂದರು ನರ್ಸಮ್ಮ, ಡಯಾಲಿಸಿಸ್ ಯಂತ್ರ ನಿಲ್ಲಿಸುತ್ತಾ.

“ಗಾಳಿಯಲ್ಲಿ ಹದಿನಾರು. ನಡುವೆ ಇಳಿದು ಇನ್ನೊಂದು ವಿಮಾನ ಹತ್ತೋಕೆ ಮೂರು. ಒಟ್ಟು ಹತ್ತೊಂಬತ್ತು,” ಎಂದರು ಕಂಡಕ್ಟರು. ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವರು. ಯಾವ ಊರಿಗೆ ಎಷ್ಟು ಹೊತ್ತು ಎಂಬುದು ನಾಲಿಗೆ ತುದಿಯಲ್ಲಿರುತ್ತಿತ್ತು. ಮೂತ್ರಪಿಂಡ ಕೈಕೊಟ್ಟ ಮೇಲೆ ದಿನ ಬಿಟ್ಟು ದಿನ ಬೆಳಗ್ಗೆ ಆರಕ್ಕೆ ಬಂದು, ರಕ್ತ ಶುದ್ಧಿ ಮಾಡಿಸಿಕೊಂಡು ಹತ್ತಕ್ಕೆ ಮನೆಗೆ ಮರಳುವುದೇ ಅವರ ರೂಟು. ನಾಲ್ಕು ವರ್ಷದಿಂದ ಊರ ಗಡಿ ದಾಟಿರಲಿಲ್ಲ.

ಹೋದ ವಾರ ಸಮುದ್ರದಾಚೆಯಿಂದ ಅಕ್ಕ ಫೋನು ಮಾಡಿದ್ದಳು. ತಾಯಿ ಹೋದಾಗ ಇವರಿಗೆ ಮೂರು ವರ್ಷ, ಅವಳಿಗೆ ಹನ್ನೆರಡು. ಎತ್ತಿ ಆಡಿಸಿ, ಬೈದು ಉಣಿಸಿ ದೊಡ್ಡವರನ್ನಾಗಿ ಮಾಡಿದವಳು. ಮದುವೆಯಾಗಿ ಹೋದ ಮೇಲೆ ಒಂದು ದಿನವೂ ಬಾ ಎಂದವಳಲ್ಲ. “ಕಣ್ಣು ಮಂಜಾಗ್ತಾ ಇದೆ ಕಣೋ. ಚಳಿಗಾಲದ ಹೊತ್ತಿಗೆ ಪೂರ್ತಿ ಹೋಗುತ್ತಂತೆ. ಅಷ್ಟರಲ್ಲಿ ಒಂದ್ಸಲ ಮುಖ ತೋರಿಸಿ ಹೋಗು,” ಎಂದಿದ್ದಳು, ಅಂಗಡಿಗೆ ಹೋಗಿ ಬಾ ಎನ್ನುವ ದನಿಯಲ್ಲಿ.

ಅಲ್ಲಿನ ಆಸ್ಪತ್ರೆಯಲ್ಲಿ ಯಂತ್ರ ಸಿಗುವುದು ಬೆಳಗ್ಗೆ ಎಂಟಕ್ಕೆ ಮಾತ್ರ. ಇಲ್ಲಿಂದ ದಿನಕ್ಕೊಂದೇ ವಿಮಾನ, ರಾತ್ರಿ ಹನ್ನೊಂದಕ್ಕೆ. ಎರಡು ಡಯಾಲಿಸಿಸ್ ನಡುವೆ ಐವತ್ತು ಗಂಟೆ ದಾಟಿದರೆ ನಿಮ್ಮ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ನರ್ಸಮ್ಮ ಬೆರಳು ಮಡಚಿ ಎಣಿಸಿದರು.

“ಇಲ್ಲಿ ಬೆಳಗ್ಗೆ ಹತ್ತಕ್ಕೆ ಮುಗಿಸಿ ರಾತ್ರಿ ಹೊರಟ್ರೆ, ಇಳಿಯೋಷ್ಟರಲ್ಲಿ ಅಲ್ಲಿ ಎಂಟು ದಾಟಿರುತ್ತೆ. ಅದರ ಮಾರನೇ ಬೆಳಗ್ಗೆ ಯಂತ್ರ ಸಿಗೋ ಹೊತ್ತಿಗೆ ಐವತ್ತಮೂರಾಗುತ್ತೆ.”

“ಅಲ್ಲಿ ಏಳು ಗಂಟೆ ಹಿಂದೆ ಅಲ್ವಾ?”

“ಗಡಿಯಾರ ಹಿಂದೆ ಹೋಗುತ್ತೆ, ನಿಮ್ಮ ರಕ್ತ ಹೋಗುತ್ತಾ? ಅದನ್ನೂ ಸೇರಿಸಿಯೇ ಐವತ್ತಮೂರು.”

ಕಂಡಕ್ಟರು ಚಪ್ಪಲಿ ಹುಡುಕತೊಡಗಿದರು. ಮಧ್ಯಾಹ್ನದ ಸರದಿಯ ಟೀಚರಮ್ಮ ರಕ್ತಪರೀಕ್ಷೆಗೆಂದು ಬಂದು ಬಾಗಿಲ ಬಳಿ ಕೂತಿದ್ದರು. “ಹೊರಡೋ ದಿನ ನನ್ನ ಸರದಿ ನೀವು ತಗೊಳ್ಳಿ,” ಎಂದರು. “ಮಧ್ಯಾಹ್ನ ಮೂರಕ್ಕೆ ಮುಗಿಸಿ ಹಾಗೇ ವಿಮಾನಕ್ಕೆ ಹೋಗಿ. ಐದು ಗಂಟೆ ಉಳೀತು. ನಿಮ್ಮ ಬದಲು ನಾನು ಬೆಳಗ್ಗೆ ಬರ್ತೀನಿ.”

“ಬೆಳಗ್ಗೆ ಬೇಗ ಎದ್ರೆ ನಿಮಗೆ ತಲೆ ಸುತ್ತುತ್ತಲ್ಲ?”

“ಸುತ್ತಲಿ. ನಾನೇನು ವಿಮಾನ ಓಡಿಸ್ಬೇಕಾ?”

ಹಾಗೆ ಹೊರಟರು. ಮೊದಲ ವಿಮಾನ ಎರಡು ಗಂಟೆಗೂ ಮೇಲೆ ತಡವಾಗಿ ಇಳಿಯಿತು. ಎರಡನೆಯದು ತಪ್ಪಿದರೆ ಮರುದಿನದವರೆಗೆ ಇನ್ನೊಂದಿಲ್ಲ. ಆ ವಿಮಾನ ನಿಲ್ದಾಣದ ಉದ್ದಾನುದ್ದದ ಹಾದಿಯಲ್ಲಿ ಕಂಡಕ್ಟರು ಏದುಸಿರು ಬಿಡುತ್ತಾ, ಕಂಡಕಂಡವರಿಗೆ ಟಿಕೆಟ್ ತೋರಿಸುತ್ತಾ ನಡೆದರು. ಬಾಗಿಲು ಮುಚ್ಚುವ ಹೊತ್ತಿಗೆ ಒಳಗಿದ್ದರು. ಓಡಿಬಂದು ಬಸ್ಸು ಹತ್ತಿದ ಎಷ್ಟು ಜನರನ್ನು ತಾನು ಗದರಿದ್ದೆ ಎಂದು ಸೀಟಿನಲ್ಲಿ ಕೂತ ಮೇಲೆ ನೆನಪಾಯಿತು.

ಅಲ್ಲಿ ಇಳಿದಾಗ ಬಿಸಿಲಿತ್ತು. ಹೊರಬಾಗಿಲಲ್ಲಿ ಅಕ್ಕ ಕಂಬಿ ಹಿಡಿದು ನಿಂತಿದ್ದಳು. ಇವರು ಎದುರಿಗೇ ಬಂದರೂ ಆಚೀಚೆ ನೋಡುತ್ತಿದ್ದಳು.

“ಅಕ್ಕಾ.”

ಅವಳು ಎರಡೂ ಅಂಗೈಯಲ್ಲಿ ಅವರ ಮುಖವನ್ನು ಗೇಣುದ್ದದಷ್ಟು ಹತ್ತಿರಕ್ಕೆ ಎಳೆದುಕೊಂಡು ಹಣೆ, ಹುಬ್ಬು, ಗಲ್ಲ ಎಂದು ಒಂದೊಂದನ್ನೇ ನೋಡಿದಳು.

“ನಂಗಿಂತ ಮುದುಕ ಆಗಿದೀಯಲ್ಲೋ.”

ಅವಳ ಕೈ ಅವರ ಭುಜದಿಂದ ಕೆಳಗಿಳಿದು, ಡಯಾಲಿಸಿಸ್ ಸೂಜಿ ಚುಚ್ಚಲೆಂದು ಡಾಕ್ಟರು ತೋಳಲ್ಲಿ ಜೋಡಿಸಿದ್ದ ಉಬ್ಬಿದ ನರದ ಮೇಲೆ ನಿಂತಿತು.

“ಇದೇನೋ, ಒಳಗೆ ಬೆಕ್ಕು ಗುರುಗುಟ್ಟಿದ ಹಾಗಿದೆ?”

“ರಕ್ತ ಓಡೋದು ಕಣಕ್ಕ. ಅದು ಹಾಗೇ ಓಡ್ತಿರಬೇಕು.”

“ಹೌದಾ,” ಎಂದಳು. ಕೈ ತೆಗೆಯಲಿಲ್ಲ. ಹಿಂದಿನಿಂದ ಬಂದವರು ತಮ್ಮ ಪೆಟ್ಟಿಗೆಗಳನ್ನು ಅವರಿಬ್ಬರ ಎಡಕ್ಕೂ ಬಲಕ್ಕೂ ತಳ್ಳಿಕೊಂಡು ಹೋಗುತ್ತಿದ್ದರು.