ಕೊಡದೇ ಹೋದರೆ?

ಇಂಧನ ಇಲಾಖೆಯ ಅನುದಾನಕ್ಕೆ ಯೋಜನೆಗಳನ್ನು ಆರಿಸುವ ದಿನ ನಾನು ಕೋಣೆಯ ಹೊರಗಿದ್ದೆ. ಅರ್ಜಿದಾರರಲ್ಲಿ ಸಂಬಂಧಿಕರಿರುವ ನೌಕರರು ಒಳಗಿರಕೂಡದೆಂದು ಆಯ್ಕೆ ಸಮಿತಿಗೆ ಹೊಸದಾಗಿ ಬಂದ ಅಧ್ಯಕ್ಷೆ ಮೇಡಂ ನಿಯಮ ಮಾಡಿದ್ದರು. ನಾನು ಗುಮಾಸ್ತ, ಅರ್ಜಿ ಹಾಕಿದ ಹೆರಿಗೆ ಆಸ್ಪತ್ರೆಯ ನರ್ಸು ನನ್ನಕ್ಕ. ಪಕ್ಕದಲ್ಲೇ ಬೆಂಚಿನ ಮೇಲೆ ಕೂತು ಕಾಗದ ಬಾಯಿಪಾಠ ಮಾಡುತ್ತಿದ್ದಳು. ಆಸ್ಪತ್ರೆಯ ತಾರಸಿಗೆ ಸೋಲಾರ್ ಪ್ಯಾನೆಲ್, ಬ್ಯಾಟರಿ ಕೇಳಿ ಎರಡು ಸಲ ಬರಿಗೈಯಲ್ಲಿ ಹಿಂತಿರುಗಿದ್ದಳು. ಇಷ್ಟು ವರ್ಷ ಆಯ್ಕೆಯ ಅಂಕವೆಲ್ಲ ಜಾಗ, ಹಣ ಸಕಲವೂ ಸಿದ್ಧವಾಗಿದ್ದವರಿಗೇ. ಉಂಡವನಿಗೇ ಮತ್ತೆ ಬಡಿಸಿದ ಹಾಗೆ.

ಬಾಗಿಲು ಓರೆಯಾಗಿತ್ತು. ಒಳಗೆ ಮೇಡಂ ಮುಂದೆ ಸೋಲಾರ್ ಘಟಕ ಕಟ್ಟಲು ಹೊರಟ ದೊಡ್ಡ ಕಂಪನಿಯ ಮ್ಯಾನೇಜರು.

"ಜಾಗ?"

"ಆಗಿದೆ."

"ಬ್ಯಾಂಕಿನ ಸಾಲ?"

"ಮಂಜೂರಾಗಿದೆ."

"ಯಂತ್ರ?"

"ಹಡಗಿನಲ್ಲಿದೆ."

ಎಲ್ಲೂ ತಾಳ ತಪ್ಪಲಿಲ್ಲ.

"ನಾವು ಕೊಡದೇ ಹೋದರೆ?"

"ಕೊಡದಿದ್ರೂ ಕಟ್ಟೇ ಕಟ್ತೀವಿ ಮೇಡಂ. ನಮ್ಮದು ಒಂದೇ ಮಾತು!"

"ಸಂತೋಷ. ಹಾಗೇ ಕಟ್ಟಿ. ಒಳ್ಳೇದಾಗಲಿ."

ಮ್ಯಾನೇಜರು ಪೆಚ್ಚುಮೋರೆ ಹಾಕಿಕೊಂಡು ಹೊರಬಂದರು. ಅಕ್ಕ ಆಗ ತಲೆಯೆತ್ತಿದಳು.

"ಬೈದರೇನೋ?"

"ಇಲ್ಲ, ಹರಸಿದರು."

"ನನ್ನನ್ನ ಏನು ಕೇಳ್ತಾರೋ?"

"ನಾನು ಹೇಳಕೂಡದು ಕಣಕ್ಕಾ."

"ಹೋಗೋ, ದೊಡ್ಡ ಹರಿಶ್ಚಂದ್ರ!"

ಅವಳು ಒಳಗೆ ಹೋದಳು. ನನಗೆ ಭಯವಿದ್ದದ್ದು ಅವಳ ಸ್ವಾಭಿಮಾನದ್ದೇ. ಯಾರ ಮುಂದೆಯೂ ಕೈಯಲ್ಲಾಗದು ಎಂದವಳಲ್ಲ. ದೇವರೇ, ಇವತ್ತೊಂದು ದಿನ ಇವಳ ಬಾಯಲ್ಲಿ ಬಡತನ ಬರಲಿ ಎಂದುಕೊಂಡೆ.

"ಕೊಡದೇ ಹೋದರೆ ಏನ್ಮಾಡ್ತೀರಿ?"

"ಹೇಗೋ ನಡೆಸ್ಕೊಂಡು ಹೋಗ್ತೀವಿ ಮೇಡಂ."

ಮುಗಿಯಿತು! ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಪೆನ್ನು ಕೆಳಗಿಟ್ಟ ಸದ್ದು. "ಹೇಗೋ ಅಂದ್ರೆ ಹೇಗೆ, ಅಮ್ಮಾ?"

"ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನ ಬಿಸಿ ಪೆಟ್ಟಿಗೇಲಿ ಇಡ್ತೀವಿ. ಕರೆಂಟು ಹೋದರೆ ಎದೆಗೆ ಅವುಚ್ಕೊಂಡು ಕೂರೋದು. ಪೆಟ್ಟಿಗೆ ಮೂರು, ನರ್ಸುಗಳು ನಾವಿಬ್ಬರು."

"ಮೂರನೇ ಕೂಸು?"

"ಆಯಾ ಇದ್ದರೆ ಆಯಾ. ಇಲ್ಲದಿದ್ದರೆ..." ಅವಳ ದನಿ ಇಳಿಯಿತು. "ಇಲ್ಲದಿದ್ದರೆ ಬೇರೆ ಹೆರಿಗೆ ಬರದಿರಲಿ ಅಂತ ಬೇಡ್ಕೋತೀವಿ."

ಕೆಳಗಿಟ್ಟ ಪೆನ್ನು ಮತ್ತೆ ಕಾಗದದ ಮೇಲೆ ಗೀಚಿದ ಸದ್ದು.

ಮಧ್ಯಾಹ್ನ ಬಾಗಿಲಿಗೆ ಪಟ್ಟಿ ಅಂಟಿಸಿದರು. ಮೇಲಿನ ಸಾಲಿನಲ್ಲೇ ಆಸ್ಪತ್ರೆಯ ಹೆಸರು. ಅಕ್ಕ ಎರಡು ಸಲ ಓದಿದಳು, ಮೂರನೆಯ ಸಲ ನನ್ನಿಂದ ಓದಿಸಿದಳು. ಆಮೇಲೆ ಬೆಂಚಿನ ಮೇಲೆ ಕುಸಿದು ಕೂತು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಆಸ್ಪತ್ರೆಗೆ ಫೋನು ಹಚ್ಚಿದಳು.

"ಆಯ್ತು ಕಣೇ, ನಮಗೇ ಆಯ್ತು."

ಆಚೆಯಿಂದ ಆಯಾ ಕೂಗಿದ್ದು ನನಗೂ ಕೇಳಿಸಿತು. "ಹಂಗಾದ್ರೆ ಈಗಲೇ ತಾರಸಿ ಗುಡಿಸಿಬಿಡಲಾ ಅಕ್ಕಾ?"